ಪೆಟ್ರೋಲಿನೊಳಗಿನ ಮದ್ಯಸಾರ: ಯಾವ ಯಂತ್ರಕ್ಕೆ ಯಾವ ಇಂಧನ?

ಎಣ್ಣೆಯೂ ನೀರೂ ಬೆರೆಯಲಾರವೆಂಬುದು ನಾವೆಲ್ಲರೂ ಅಡುಗೆಮನೆಯಲ್ಲಿಯೇ ಕಲಿತ ಪಾಠ. ಪೆಟ್ರೋಲು ಎಣ್ಣೆಯ ಬಳಗಕ್ಕೆ ಸೇರಿದುದು. ಅದಕ್ಕೂ ನೀರಿಗೂ ಆಗಿಬರುವುದಿಲ್ಲ. ಎಥನಾಲ್ ಎಂಬ ಮದ್ಯಸಾರವಾದರೋ ಎರಡೂ ಮನೆಗಳ ನೆಂಟ. ಅದರ ಅಣುವಿನ ಒಂದು ಭಾಗದಲ್ಲಿ ಇಂಗಾಲ ಮತ್ತು ಜಲಜನಕಗಳ ಕಿರುಸರಪಣಿಯಿದೆ. ಅದು ಪೆಟ್ರೋಲಿನೊಡನೆ ಹೊಂದಿಕೊಳ್ಳುತ್ತದೆ. ಇನ್ನೊಂದು ತುದಿಯಲ್ಲಿ ಆಮ್ಲಜನಕ, ಜಲಜನಕಗಳ ಜೋಡಿಯಿದೆ; ಅದು ನೀರಿನ ಅಣುಗಳನ್ನು ಬಳಿಗೆ ಸೆಳೆಯುತ್ತದೆ. ವಾಹನಗಳ ಇಂಧನವನ್ನು ಕುರಿತು ಇಂದು ನಡೆಯುತ್ತಿರುವ ಚರ್ಚೆಯ ಬಹುಭಾಗ ಈ ಪುಟ್ಟ ಅಣುವಿನ ಇಬ್ಬಗೆಯ ನಂಟಿನಿಂದ ಹುಟ್ಟಿದೆ.

ಪೆಟ್ರೋಲಿಗೆ ಮದ್ಯಸಾರವನ್ನು ಬೆರೆಸುವ ವಿಚಾರ ಹೊಸದಲ್ಲ. ಬ್ರೆಜಿಲ್ ದೇಶವು 1931ರಲ್ಲಿಯೇ, ಆಮದಾಗುವ ಪೆಟ್ರೋಲಿಗೆ ಶೇಕಡ 5ರಷ್ಟು ಮದ್ಯಸಾರವನ್ನು ಸೇರಿಸಬೇಕೆಂದು ವಿಧಿಸಿತು. ನಮ್ಮ ದೇಶದಲ್ಲಿ 1948ರಲ್ಲಿ ಈ ಬಗೆಯ ಇಂಧನಕ್ಕಾಗಿಯೇ ಒಂದು ಕಾಯಿದೆಯಾಯಿತು. ಆದರೆ ಮಿಶ್ರಣದ ಕಾರ್ಯವು ವ್ಯಾಪಕವಾಗಿ ಮೊದಲಾದುದು 2003ರಲ್ಲಿ. 2022ರ ಜೂನ್ ತಿಂಗಳಿನಲ್ಲಿ ದೇಶದ ಮಿಶ್ರಣ ಶೇಕಡ 10ನ್ನು ಮುಟ್ಟಿತು. ಶೇಕಡ 20 ಎಥನಾಲ್ ಉಳ್ಳ ‘ಇ-20’ ಇಂಧನವನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. 2025ರಲ್ಲಿ ಅದೇ ದೇಶದ ಸಾಮಾನ್ಯ ಇಂಧನವಾಯಿತು. ಹೊರದೇಶಗಳಿಂದ ತರಿಸುವ ಕಚ್ಚಾ ಎಣ್ಣೆಯ ವೆಚ್ಚವನ್ನು ತಗ್ಗಿಸುವುದು, ಕಬ್ಬು ಮೆಕ್ಕೆಜೋಳಗಳನ್ನು ಬೆಳೆಯುವ ರೈತರಿಗೆ ಇನ್ನೊಂದು ಮಾರುಕಟ್ಟೆಯನ್ನು ಒದಗಿಸುವುದು, ಇವು ಈ ನೀತಿಯ ಮುಖ್ಯ ಉದ್ದೇಶಗಳು.

ಅಮೆರಿಕದಲ್ಲಿ ಶೇಕಡ 10ರ ಮಿಶ್ರಣವೇ ಎಲ್ಲೆಡೆಯೂ ರೂಢಿಯಲ್ಲಿದ್ದರೂ, ಮದ್ಯಸಾರವಿಲ್ಲದ ಪೆಟ್ರೋಲೂ ಕೆಲವು ಬಂಕುಗಳಲ್ಲಿ ಮತ್ತು ದೋಣಿಗಳ ತಂಗುದಾಣಗಳಲ್ಲಿ, ಸಾಮಾನ್ಯವಾಗಿ ಹೆಚ್ಚಿನ ಬೆಲೆಗೆ, ದೊರೆಯುತ್ತದೆ. ಹಾಗಾಗಿ ಅಲ್ಲಿನವರಿಗೆ ‘ಯಾವುದನ್ನು ಕೊಳ್ಳಲಿ?’ ಎಂಬ ಪ್ರಶ್ನೆ ದಿನನಿತ್ಯದ್ದು. ಹೆಚ್ಚು ಹಣ ಕೊಡುವುದರಿಂದ ನಿಜವಾಗಿ ಲಾಭವುಂಟೆ? ಇದನ್ನು ಅಭಿಪ್ರಾಯಗಳಿಗೆ ಬಿಡದೆ ಲೆಕ್ಕದಿಂದ ಪರಿಶೀಲಿಸೋಣ.

ಶಕ್ತಿಯ ಲೆಕ್ಕ

ಒಂದು ಲೀಟರು ಪೆಟ್ರೋಲನ್ನು ಪೂರ್ಣವಾಗಿ ಉರಿಸಿದರೆ ಸುಮಾರು 32 ಮೆಗಾಜೂಲು ಶಕ್ತಿ ಲಭಿಸುತ್ತದೆ. ಒಂದು ಲೀಟರು ಎಥನಾಲಿನಿಂದ ಲಭಿಸುವುದು ಸುಮಾರು 21 ಮೆಗಾಜೂಲು ಮಾತ್ರ. ಇದಕ್ಕೆ ಕಾರಣವನ್ನು ಅಣುವಿನಲ್ಲಿಯೇ ಕಾಣಬಹುದು. ಎಥನಾಲಿನ ತೂಕದಲ್ಲಿ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಆಮ್ಲಜನಕವೇ ಇದೆ. ಆಮ್ಲಜನಕವು ದಹನಕ್ಕೆ ನೆರವಾಗುವ ವಸ್ತುವೇ ಹೊರತು ಇಂಧನವಲ್ಲ. ಅರ್ಧ ಸುಟ್ಟ ಸೌದೆಯಂತೆ ಎಥನಾಲ್ ಭಾಗಶಃ ದಹನಗೊಂಡ ಇಂಧನವೆಂದು ಭಾವಿಸಿದರೆ ತಪ್ಪಾಗದು.

ಈಗ ಕೂಡಿಸಿ ನೋಡಿ. ಶೇಕಡ 10ರ ಮಿಶ್ರಣದ ಒಂದು ಲೀಟರಿನಲ್ಲಿ 0.9 ಲೀಟರು ಪೆಟ್ರೋಲಿನ 28.8 ಮತ್ತು 0.1 ಲೀಟರು ಎಥನಾಲಿನ 2.1, ಒಟ್ಟು 30.9 ಮೆಗಾಜೂಲು ಇರುತ್ತದೆ. ಎಂದರೆ ನಷ್ಟ ಶೇಕಡ 3ಕ್ಕಿಂತ ತುಸು ಹೆಚ್ಚು. ಶೇಕಡ 20ರ ಮಿಶ್ರಣದಲ್ಲಿ ಇದು 29.8ಕ್ಕೆ ಇಳಿಯುತ್ತದೆ, ನಷ್ಟ ಸುಮಾರು ಶೇಕಡ 7. ನೀತಿ ಆಯೋಗದ ತಜ್ಞರ ಸಮಿತಿ 2021ರಲ್ಲಿ ಮಾಡಿದ ಅಂದಾಜೂ ಇದಕ್ಕೆ ಸಮೀಪವಾಗಿದೆ. ಶುದ್ಧ ಪೆಟ್ರೋಲಿಗಾಗಿ ರಚಿತವಾದ ಹಳೆಯ ಕಾರುಗಳಲ್ಲಿ ಶೇಕಡ 6ರಿಂದ 7, ಅಂಥ ದ್ವಿಚಕ್ರ ವಾಹನಗಳಲ್ಲಿ ಶೇಕಡ 3ರಿಂದ 4, ಹೊಸ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಕೇವಲ ಶೇಕಡ 1ರಿಂದ 2ರಷ್ಟು ಕಡಿಮೆ ದೂರ ಕ್ರಮಿಸಬಹುದೆಂದು ಅದು ಹೇಳಿತು.

ಹೊಂದಿಸಿದ ಎಂಜಿನ್ನಿನಲ್ಲಿ ನಷ್ಟ ಇಷ್ಟು ಕಡಿಮೆಯಾಗುವುದೇಕೆ? ಎಥನಾಲಿನ ಆಕ್ಟೇನ್ ಸಂಖ್ಯೆ 108ರ ಆಸುಪಾಸಿನಲ್ಲಿದೆ. ನಮ್ಮ ಸಾಮಾನ್ಯ ಪೆಟ್ರೋಲಿನದು 91 ಆಗಿತ್ತು. ಆಕ್ಟೇನ್ ಸಂಖ್ಯೆ ಹೆಚ್ಚಿದಷ್ಟೂ, ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವ ಮೊದಲೇ ಇಂಧನ ತಾನಾಗಿ ಹೊತ್ತಿಕೊಂಡು ಎಂಜಿನ್ನು ‘ಬಡಿಯುವ’ ಭಯ ಕಡಿಮೆ. ಅಲ್ಲದೆ ಎಥನಾಲಿನ ಗುಪ್ತೋಷ್ಣ ಪೆಟ್ರೋಲಿನದಕ್ಕಿಂತ ಎರಡು ಪಟ್ಟಿಗೂ ಮಿಗಿಲು. ಅದು ಆವಿಯಾಗುವಾಗ ಒಳಗಿನ ಗಾಳಿಯನ್ನು ತಂಪುಗೊಳಿಸುತ್ತದೆ. ಆದುದರಿಂದ ಹೆಚ್ಚಿನ ಸಂಪೀಡನವನ್ನು ಬಳಸಿ, ಅದೇ ಉಷ್ಣದಿಂದ ಅಧಿಕ ಕೆಲಸವನ್ನು ಪಡೆಯಬಹುದು. ಆದರೆ ಈ ಲಾಭ ಅದಕ್ಕೆಂದೇ ರಚಿಸಿದ ಎಂಜಿನ್ನಿಗೆ ಮಾತ್ರ ಎಂಬುದನ್ನು ಮರೆಯಲಾಗದು.

ಗಾಳಿಯ ಪ್ರಮಾಣವನ್ನೂ ಗಮನಿಸಬೇಕು. 1 ಗ್ರಾಂ ಪೆಟ್ರೋಲಿನ ದಹನಕ್ಕೆ ಸುಮಾರು 14.7 ಗ್ರಾಂ ಗಾಳಿ ಬೇಕು. 1 ಗ್ರಾಂ ಎಥನಾಲಿಗೆ 9 ಗ್ರಾಂ ಸಾಕು. ಇಂದಿನ ಎಂಜಿನ್ನುಗಳಲ್ಲಿ ಹೊಗೆಯೊಳಗಿನ ಆಮ್ಲಜನಕವನ್ನು ಅಳೆದು ಇಂಧನದ ಪ್ರಮಾಣವನ್ನು ತಿದ್ದುವ ಉಪಕರಣವಿದೆ. ಹಳೆಯ ಕಾರ್ಬುರೇಟರಿನಲ್ಲಿಯಾದರೋ ಇಂಧನ ಹರಿಯುವ ರಂಧ್ರದ ಅಳತೆ ಬದಲಾಗದು. ಆದ್ದರಿಂದ ಅಲ್ಲಿ ಗಾಳಿ ಅಗತ್ಯಕ್ಕಿಂತ ಹೆಚ್ಚಾಗಿ, ಮಿಶ್ರಣ ತೆಳುವಾಗಿ, ಎಂಜಿನ್ನು ಹೆಚ್ಚು ಕಾಯುವ ಸಂಭವವುಂಟು.

ನೀರಿನ ಲೆಕ್ಕ

ಶಕ್ತಿಯ ನಷ್ಟ ಹಣದಲ್ಲಿ ಮುಗಿಯುತ್ತದೆ. ನೀರಿನ ತೊಂದರೆ ಯಂತ್ರಕ್ಕೇ ತಟ್ಟುತ್ತದೆ. 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶೇಕಡ 10ರ ಮಿಶ್ರಣವು ತನ್ನ ಗಾತ್ರದ ಸುಮಾರು ಶೇಕಡ 0.5ರಷ್ಟು ನೀರನ್ನು ಕರಗಿಸಿಕೊಂಡು ತಿಳಿಯಾಗಿಯೇ ಇರಬಲ್ಲುದು. 100 ಲೀಟರಿನ ಟ್ಯಾಂಕಿನಲ್ಲಿ ಇದು ಅರ್ಧ ಲೀಟರು. ಈ ಮಿತಿಯೊಳಗಿರುವ ನೀರು ಇಂಧನದೊಡನೆ ಹರಿದು, ಆವಿಯಾಗಿ ಹೊರಬೀಳುತ್ತದೆ. ಇದು ಮದ್ಯಸಾರದ ಉಪಕಾರವೆಂದೇ ಹೇಳಬೇಕು. ಮಿತಿ ಮೀರಿದರೆ, ಅಥವಾ ಚಳಿಗೆ ಉಷ್ಣತೆ ಇಳಿದು ಮಿತಿಯೇ ಕುಗ್ಗಿದರೆ, ನೀರು ಒಂಟಿಯಾಗಿ ಹೊರಡದೆ ಮದ್ಯಸಾರದ ಬಹುಭಾಗವನ್ನೂ ಸೆಳೆದುಕೊಂಡು ತಳಕ್ಕೆ ಇಳಿಯುತ್ತದೆ. ಎಂಜಿನ್ನಿಗೆ ಇಂಧನವನ್ನು ಒಯ್ಯುವ ನಳಿಕೆಯ ಬಾಯಿ ಇರುವುದೂ ತಳದಲ್ಲಿಯೇ! ಕೆಳಗಿನ ಪದರದಿಂದ ಎಂಜಿನ್ನು ನಡೆಯದು. ಲೋಹದ ಭಾಗಗಳಿಗೆ ತುಕ್ಕು ಹಿಡಿಯುತ್ತದೆ. ಮೇಲಿನ ಪದರವೂ ಮದ್ಯಸಾರವನ್ನು ಕಳೆದುಕೊಂಡು ಆಕ್ಟೇನ್ ಸಂಖ್ಯೆಯಲ್ಲಿ ಕುಸಿದಿರುತ್ತದೆ. ಆಗ ಟ್ಯಾಂಕನ್ನು ಬರಿದುಮಾಡುವುದೊಂದೇ ದಾರಿ.

ಗಾಳಿಯ ತೇವದಿಂದಲೇ ಈ ಮಿತಿ ಮೀರಲು ಬಹಳ ಕಾಲ ಬೇಕು. ಸಡಿಲವಾದ ಮುಚ್ಚಳ, ಸೋರುವ ಕೊಳವೆ, ಮಳೆ, ತೊಳೆಯುವ ನೀರು, ಇವೇ ಹೆಚ್ಚಿನ ಅಪಾಯದ ಮೂಲಗಳು. ದಿನವೂ ಓಡುವ ವಾಹನದ ಇಂಧನ ವಾರದೊಳಗೆ ಖರ್ಚಾಗುವುದರಿಂದ ಅದಕ್ಕೆ ಈ ಭಯ ಅತ್ಯಲ್ಪ.

ದೋಣಿಗಳ ಅನುಭವ

ಅಮೆರಿಕದ ವಿಹಾರ ದೋಣಿಗಳ ಪಾಡು ಬೇರೆ. ಚಳಿಗಾಲದಲ್ಲಿ ಅವು ತಿಂಗಳುಗಟ್ಟಲೆ ದಡದಲ್ಲಿ ನಿಂತಿರುತ್ತವೆ. ಅವುಗಳ ಟ್ಯಾಂಕಿಗೆ ಹೊರಗಾಳಿಯ ಸಂಪರ್ಕವಿರುತ್ತದೆ. ಸುತ್ತಲೂ ನೀರಿರುವುದನ್ನಂತೂ ಹೇಳಬೇಕಾಗಿಲ್ಲ. 2004ರ ಆರಂಭದಿಂದ ನ್ಯೂಯಾರ್ಕ್ ಮತ್ತು ಕನೆಕ್ಟಿಕಟ್ ರಾಜ್ಯಗಳು ಎಂ.ಟಿ.ಬಿ.ಇ. ಎಂಬ ಹಳೆಯ ಬೆರಕೆಯನ್ನು ನಿಷೇಧಿಸಿದಾಗ, ಅದರ ಸ್ಥಾನಕ್ಕೆ ಎಥನಾಲ್ ಬಂದಿತು. ಆಗ ಇನ್ನೊಂದು ತೊಂದರೆ ಕಾಣಿಸಿಕೊಂಡಿತು. ಹಳೆಯ ದೋಣಿಗಳಲ್ಲಿದ್ದ ಫೈಬರ್‌ಗ್ಲಾಸ್ ಟ್ಯಾಂಕುಗಳ ರಾಳವನ್ನು ಮದ್ಯಸಾರ ಮೆಲ್ಲಗೆ ಕರಗಿಸತೊಡಗಿತು. ಹಾಗೆ ಕರಗಿದ ವಸ್ತು ಎಂಜಿನ್ನಿನ ಕವಾಟಗಳಲ್ಲಿ ಕಪ್ಪು ಜಿಗುಟಾಗಿ ಕೂತು ಅವನ್ನು ಕೆಡಿಸಿತು. ರಸ್ತೆಯಲ್ಲಿ ಕೆಟ್ಟ ಕಾರನ್ನು ಪಕ್ಕಕ್ಕೆ ತಳ್ಳಿ ನಿಲ್ಲಿಸಬಹುದು. ಗಾಳಿಯೂ ಅಲೆಯೂ ಏರುತ್ತಿರುವಾಗ ನಿಂತುಹೋದ ದೋಣಿಯ ಸ್ಥಿತಿ ಹಾಗಲ್ಲ. ಶೇಕಡ 15ರ ಮಿಶ್ರಣವನ್ನು 2001 ಮತ್ತು ಆನಂತರದ ಮಾದರಿಯ ಕಾರುಗಳಿಗೆ ಅನುಮತಿಸಿದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ದೋಣಿ, ಮೋಟಾರ್ ಸೈಕಲ್ ಮತ್ತು ಹುಲ್ಲು ಕತ್ತರಿಸುವಂಥ ಸಣ್ಣ ಯಂತ್ರಗಳಿಗೆ ಅದನ್ನು ನಿಷೇಧಿಸಿದೆ. ನಮ್ಮ ಕರಾವಳಿಯ ನಾಡದೋಣಿಗಳ ಯಂತ್ರಗಳು ಬಹುಕಾಲದಿಂದ ಸೀಮೆಎಣ್ಣೆಯನ್ನು ನೆಚ್ಚಿದವಾದುದರಿಂದ ಈ ಪ್ರಶ್ನೆ ಇಲ್ಲಿ ಅಷ್ಟಾಗಿ ಎದ್ದಿಲ್ಲ.

ಆಯ್ಕೆ ಹೇಗೆ?

ಇಷ್ಟರಿಂದ ಹೊರಡುವ ತೀರ್ಮಾನ ಸರಳ. ದಿನವೂ ಓಡುವ, ಮಿಶ್ರಣಕ್ಕೆಂದು ರಚಿತವಾದ ಕಾರಿಗೆ ಶುದ್ಧ ಪೆಟ್ರೋಲಿನಿಂದ ದೊರೆಯುವ ಲಾಭ ಶೇಕಡ 10ರ ಮಿಶ್ರಣಕ್ಕೆ ಹೋಲಿಸಿದಾಗ ಶೇಕಡ 3ರಷ್ಟು ದೂರ ಮಾತ್ರ. ಬೆಲೆಯ ಅಂತರ ಅದಕ್ಕಿಂತ ಹೆಚ್ಚಾದರೆ ಕೊಟ್ಟ ಹಣ ವ್ಯರ್ಥ. ತಿಂಗಳುಗಟ್ಟಲೆ ಸುಮ್ಮನೆ ನಿಲ್ಲುವ ದೋಣಿಗೆ, ಹಳೆಯ ರಬ್ಬರು ಮತ್ತು ಕಾರ್ಬುರೇಟರುಗಳಿರುವ ಯಂತ್ರಕ್ಕೆ, ಶುದ್ಧ ಪೆಟ್ರೋಲು ದೊರೆಯುವಲ್ಲಿ ಹೆಚ್ಚಿನ ಬೆಲೆ ಕೊಟ್ಟರೂ ಸಾರ್ಥಕ.

ನಮ್ಮಲ್ಲಿ ಅಂಥ ಆಯ್ಕೆ ಬಹುಮಟ್ಟಿಗೆ ಇಲ್ಲ. ಮದ್ಯಸಾರವಿಲ್ಲದ ಪೆಟ್ರೋಲನ್ನೂ ಒದಗಿಸಬೇಕೆಂಬ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್ 1ರಂದು ವಜಾಮಾಡಿತು. ಆದಕಾರಣ ಹಳೆಯ ವಾಹನದ ಒಡೆಯರಿಗೆ ಉಳಿದಿರುವುದು ಆರೈಕೆಯ ಆಯ್ಕೆ. ರಬ್ಬರಿನ ಕೊಳವೆ, ವಾಷರುಗಳನ್ನು ಪರೀಕ್ಷಿಸಿ, ಉಬ್ಬಿ ಬಿರಿದವನ್ನು ಮದ್ಯಸಾರವನ್ನು ತಾಳಬಲ್ಲವುಗಳಿಂದ ಬದಲಿಸಬೇಕು, ಮುಚ್ಚಳ ಬಿಗಿಯಾಗಿರಬೇಕು, ಬಹುದಿನ ಓಡಿಸದಿದ್ದರೆ ಕಾರ್ಬುರೇಟರನ್ನು ಬರಿದುಮಾಡಬೇಕು.

ಪೆಟ್ರೋಲಿನಲ್ಲಿ ಮದ್ಯಸಾರ ಎಷ್ಟಿದೆಯೆಂದು ವಿದ್ಯಾರ್ಥಿಗಳು ತಾವೇ ಅಳೆಯಬಹುದು. ಬೆಂಕಿಯ ಸುಳಿವಿಲ್ಲದ ಪ್ರಯೋಗಶಾಲೆಯಲ್ಲಿ, ಅಧ್ಯಾಪಕರ ಸಮ್ಮುಖದಲ್ಲಿ, ಮುಚ್ಚಳವಿರುವ ಅಳತೆಯ ಜಾಡಿಗೆ 10 ಮಿಲಿಲೀಟರು ನೀರನ್ನೂ 90 ಮಿಲಿಲೀಟರು ಪೆಟ್ರೋಲನ್ನೂ ಸುರಿದು, ಕುಲುಕಿ, ನಿಲ್ಲಲು ಬಿಡಿ. ಪೆಟ್ರೋಲು ಶುದ್ಧವಾಗಿದ್ದರೆ ಕೆಳಗಿನ ಪದರ 10ರಲ್ಲಿಯೇ ನಿಲ್ಲುತ್ತದೆ. ಇ-10 ಆದರೆ 19ರ ಸಮೀಪಕ್ಕೆ, ಇ-20 ಆದರೆ 28ರ ಸಮೀಪಕ್ಕೆ ಏರುತ್ತದೆ. ದೋಣಿಯ ಟ್ಯಾಂಕಿನ ತಳದಲ್ಲಿ ಕತ್ತಲೆಯಲ್ಲಿ ನಡೆಯುವ ವ್ಯಾಪಾರವನ್ನು ಆ ಗಾಜಿನೊಳಗೆ ಕಣ್ಣಾರೆ ಕಾಣಬಹುದು.