ಲೈಟ್ ಲೈನಿನಲ್ಲಿ ಇನ್ನೊಂದು ಪ್ಲಗ್ ಪಾಯಿಂಟ್

ಮನೆಯ ವೈರಿಂಗಿನಲ್ಲಿ ದೀಪ, ಫ್ಯಾನುಗಳಿಗೆ ಹೋಗುವ ಲೈಟ್ ಲೈನ್ ಬೇರೆ. ಗೀಸರ್, ಇಸ್ತ್ರಿಪೆಟ್ಟಿಗೆಗಳ ಪವರ್ ಲೈನ್ ಬೇರೆ. ಲೈಟ್ ಲೈನಿನಲ್ಲಿ ಸಾಮಾನ್ಯವಾಗಿ 1.5 ಚದರ ಮಿಲಿಮೀಟರಿನ ತಾಮ್ರದ ವೈರು, ಅದರ ಕಾವಲಿಗೆ 6 ಅಥವಾ 10 ಆಂಪಿಯರಿನ ಎಂಸಿಬಿ ಇರುತ್ತವೆ. ಇಂಥ ಒಂದು ಸರ್ಕ್ಯೂಟಿನಲ್ಲಿ ದೀಪ, ಫ್ಯಾನ್, ಸಣ್ಣ ಸಾಕೆಟ್ ಎಲ್ಲ ಸೇರಿ 10 ಪಾಯಿಂಟ್ ಅಥವಾ 800 ವ್ಯಾಟ್ ಮೀರಬಾರದೆಂಬುದು ನಮ್ಮಲ್ಲಿ ಬಹುಕಾಲದಿಂದ ಬಂದ ಲೆಕ್ಕ. 230 ವೋಲ್ಟಿಗೆ ಅದು ಸುಮಾರು 3.5 ಆಂಪಿಯರ್. ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್, ವೈಫೈ ರೂಟರ್‌ಗಳಿಗೆ ಇಷ್ಟು ಧಾರಾಳ. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದೇ 4.3 ಆಂಪಿಯರ್ ಎಳೆಯುತ್ತದೆ. ಆದ್ದರಿಂದ ಇಲ್ಲಿ ಕೂರಿಸಬೇಕಾದದ್ದು 6 ಆಂಪಿಯರಿನ ಮೂರು ಪಿನ್ ಸಾಕೆಟ್ ಮಾತ್ರ. 16 ಆಂಪಿಯರಿನದನ್ನು ಹಾಕಿದರೆ ಮುಂದೊಂದು ದಿನ ಯಾರಾದರೂ ಅದಕ್ಕೆ ಹೀಟರ್ ಸಿಕ್ಕಿಸಿಯೇ ಸಿಕ್ಕಿಸುತ್ತಾರೆ. ಎಂಸಿಬಿ ಪದೇ ಪದೇ ಟ್ರಿಪ್ ಆಗುತ್ತದೆಂದು 20 ಆಂಪಿಯರಿನದನ್ನು ತಂದು ಹಾಕುವುದಂತೂ ಬೆಂಕಿಗೆ ದಾರಿ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. ಕರೆಂಟ್ ಎರಡರಷ್ಟಾದರೆ ವೈರಿನಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗುತ್ತದೆ.

ಸಾಕೆಟ್ಟಿಗೆ ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಬೇಕು. ಎಷ್ಟೋ ಸ್ವಿಚ್ ಬೋರ್ಡುಗಳಿಗೆ ಬರುವುದು ಫೇಸ್ ಮಾತ್ರ. ನ್ಯೂಟ್ರಲ್ ನೇರವಾಗಿ ದೀಪದ ಹೋಲ್ಡರಿಗೆ ಹೋಗಿರುತ್ತದೆ. ಅಲ್ಲಿ ಫೇಸಿನ ವೈರನ್ನೂ ದೀಪಕ್ಕೆ ಹೋಗುವ ವೈರನ್ನೂ ಸಾಕೆಟ್ಟಿಗೆ ಕೊಟ್ಟರೆ ದೀಪವೂ ಉಪಕರಣವೂ ಒಂದೇ ಸಾಲಿನಲ್ಲಿ ಸೇರಿಕೊಂಡು ಎರಡೂ ಸರಿಯಾಗಿ ನಡೆಯವು. ಪಕ್ಕದ ಸರ್ಕ್ಯೂಟಿನಿಂದ ನ್ಯೂಟ್ರಲ್ ಎಳೆದುಕೊಳ್ಳುವುದೂ ತಪ್ಪು. ಹಳೆಯ ಮನೆಗಳ ಲೈಟ್ ಲೈನಿನಲ್ಲಿ ಅರ್ಥ್ ವೈರೇ ಇಲ್ಲದಿರುವುದುಂಟು. ಆಗ ನ್ಯೂಟ್ರಲ್‌ನಿಂದಲೇ ತುಂಡು ವೈರು ಎಳೆದು ಅರ್ಥ್ ಪಿನ್ನಿಗೆ ಕೊಡುವ ಅಭ್ಯಾಸ ಜೀವಕ್ಕೇ ಅಪಾಯ: ಎಲ್ಲೋ ನ್ಯೂಟ್ರಲ್ ಕಡಿದರೆ ಉಪಕರಣದ ಲೋಹದ ಮೈಗೇ ಕರೆಂಟ್ ಬರುತ್ತದೆ. ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ ಹಸಿರು ಅರ್ಥ್ ವೈರನ್ನು ಹೊಸದಾಗಿ ಎಳೆಯದೆ ಅಲ್ಲಿ ಸಾಕೆಟ್ ಕೂರಿಸಬಾರದು.

ಕೆಲಸ ಪರವಾನಗಿಯುಳ್ಳ ವೈರ್‌ಮ್ಯಾನ್‌ನದು. ಮೇನ್ ಆಫ್ ಮಾಡಿದ ಮಾತ್ರಕ್ಕೆ ಲೈಟ್ ಲೈನ್ ಸತ್ತಿತೆಂದು ಅವರೂ ನಂಬಕೂಡದು. ಯುಪಿಎಸ್ ಇರುವ ಮನೆಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಜೋಡಿಸಿರುವುದೇ ಲೈಟ್ ಲೈನ್. ಮೇನ್ ಹೋದ ಕ್ಷಣವೇ ಬ್ಯಾಟರಿಯಿಂದ 230 ವೋಲ್ಟ್ ಅದೇ ವೈರಿಗೆ ಹರಿಯುತ್ತದೆ. ಯುಪಿಎಸ್ಸನ್ನೂ ಆಫ್ ಮಾಡಿ ಅದರ ಔಟ್‌ಪುಟ್ ಬಿಡಿಸಬೇಕು. ಟೆಸ್ಟರನ್ನು ಮೊದಲು ಕರೆಂಟ್ ಇರುವ ಸಾಕೆಟ್ಟಿನಲ್ಲಿ ಇಟ್ಟು ಅದು ಉರಿಯುತ್ತದೆಯೇ ನೋಡಿರಬೇಕು. ಕೆಟ್ಟ ಟೆಸ್ಟರ್ ಎಲ್ಲ ವೈರನ್ನೂ ಸತ್ತದ್ದೆಂದೇ ತೋರಿಸುತ್ತದೆ.

ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಸ್ವಿಚ್ ಯಾವಾಗಲೂ ಫೇಸಿನ ದಾರಿಯಲ್ಲಿರಬೇಕು. ನ್ಯೂಟ್ರಲ್‌ನಲ್ಲಿದ್ದರೆ ಆಫ್ ಮಾಡಿದ ಮೇಲೂ ಸಾಕೆಟ್ಟಿನಲ್ಲಿ ಕರೆಂಟ್ ಉಳಿಯುತ್ತದೆ. ವೈರಿನ ಎಳೆಗಳನ್ನು ಹುರಿಗೊಳಿಸಿ, ಒಂದೂ ಹೊರಗುಳಿಯದಂತೆ ಸ್ಕ್ರೂ ಬಿಗಿಯಬೇಕು. ಕರೆಂಟ್ ಬಂದ ಮೇಲೆ, ಸೋರುವ ಕರೆಂಟನ್ನು ಗುರುತಿಸಿ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಅದು ಬೀಳುತ್ತದೆಯೇ ನೋಡಬೇಕು. ಬೀಳದಿದ್ದರೆ ಅದನ್ನು ಬದಲಾಯಿಸುವವರೆಗೆ ಹೊಸ ಸಾಕೆಟ್ ಬಳಸಬಾರದು. ಕೆಲವು ದಿನ ಬಳಸಿದ ಮೇಲೆ ಪ್ಲೇಟು ಬೆಚ್ಚಗಾಗುತ್ತಿದ್ದರೆ ಒಳಗೆ ಎಲ್ಲೋ ಸ್ಕ್ರೂ ಸಡಿಲವಾಗಿರಬಹುದು. ಮತ್ತೆ ಮೇನನ್ನೂ ಯುಪಿಎಸ್ಸನ್ನೂ ಆಫ್ ಮಾಡಿಯೇ ಅದನ್ನು ಬಿಚ್ಚಬೇಕು.