ಎರೆಹುಳದ ಕಡಲ ನೆಂಟ

ನಮ್ಮ ಮೆಣಸೆಯ ಮಕ್ಕಳಿಗೆ ಉಂಬಳವನ್ನು ಪರಿಚಯಿಸಬೇಕಾಗಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ಕಾಲಿಟ್ಟರೆ ಅದೇ ಬಂದು ಪರಿಚಯ ಮಾಡಿಕೊಳ್ಳುತ್ತದೆ. ಅಡಿಕೆ ಮರದ ಬುಡ ಬಿಡಿಸಿದರೆ ಎರೆಹುಳ ಸಿಗುತ್ತದೆ. ಆದರೆ ವಲಯವಂತ ಪ್ರಾಣಿಗಳಲ್ಲಿ ಇವೆರಡಕ್ಕಿಂತ ದೊಡ್ಡದಾದ ಇನ್ನೊಂದು ಬಳಗವಿದೆ. ಮೈತುಂಬ ಬಿರುಗೂದಲಿರುವ ಈ ಹುಳುಗಳು ಹೆಚ್ಚಾಗಿ ಕಡಲವಾಸಿಗಳು. ಅವನ್ನು ನೋಡಲು ಆಗುಂಬೆ ಘಾಟಿ ಇಳಿಯಲೇಬೇಕು. 'ನೀರಿಸ್' ಎಂಬ ಹೆಸರಿನ ಚಿತ್ರ ಬರೆದು, ಭಾಗ ಗುರುತಿಸಿ ಅಂಕ ಪಡೆಯುವ ವಿದ್ಯಾರ್ಥಿಗಳು ಬಹಳ. ಜೀವಂತ ಹುಳುವನ್ನು ಕಂಡವರು ವಿರಳ.

ಕಾಪುವಿನ ದೀಪಸ್ತಂಭದ ಬಳಿ, ಉಳ್ಳಾಲದ ಹತ್ತಿರದ ಸೋಮೇಶ್ವರದಲ್ಲಿ ಇರುವಂಥ ಬಂಡೆ ತೀರಗಳಲ್ಲಿ ಈ ಬಳಗವನ್ನು ಹುಡುಕಬೇಕು. ಅಲ್ಲಿ ಉಬ್ಬರದ ನೀರು ದಿನಕ್ಕೆ ಎರಡು ಸಲ ಕಲ್ಲುಗಳನ್ನು ಮುಳುಗಿಸುತ್ತದೆ, ಇಳಿತದಲ್ಲಿ ಎರಡು ಸಲ ಬಿಸಿಲಿಗೆ ಒಡ್ಡುತ್ತದೆ. ಇಂಥ ಕಲ್ಲುಗಳಡಿ ಬದುಕುವ ಹುಳುಗಳಲ್ಲಿ ಪೆರಿನೀರಿಸ್ ಕಲ್ಟ್ರಿಫೆರಾ ಒಂದು. ಗೇಣುದ್ದ ಬೆಳೆಯಬಲ್ಲದು. ತಲೆಯ ಮೇಲೆ ನಾಲ್ಕು ಕಣ್ಣು, ಒಂದೊಂದು ಖಂಡದ ಅಕ್ಕಪಕ್ಕ ಹುಟ್ಟಿನಂತೆ ಆಡುವ ಪಾರ್ಶ್ವಪಾದಗಳು. ನಡೆಯುವುದೂ ಅದರಿಂದಲೇ, ಉಸಿರಾಡುವುದೂ ಅದರಿಂದಲೇ! ಗಂಟಲನ್ನೇ ಹೊರಕ್ಕೆ ಚಾಚಿ ಪಾಚಿ ಮೊದಲಾದುವನ್ನು ಕಚ್ಚುತ್ತದೆ. ಅದರ ಕೊಕ್ಕೆಯಂಥ ದವಡೆಗೆ ಗಟ್ಟಿತನ ತರುವಲ್ಲಿ ಸತುವಿನ ಪಾಲಿದೆ. ಟಾರ್ಚಿನ ಸೆಲ್ಲಿನ ಹೊರಕವಚಕ್ಕೆ ಬಳಸುವ ಅದೇ ಸತು!

1840ರಲ್ಲಿ ಜರ್ಮನಿಯ ಗ್ರೂಬೆ ಇದನ್ನು ವರ್ಣಿಸಿದಾಗ ಇಟ್ಟ ಹೆಸರಿಗೆ 'ಚೂರಿ ಹೊತ್ತದ್ದು' ಎಂದರ್ಥ. 1953ರಲ್ಲಿ ಫ್ರಾನ್ಸಿನ ಫೋವೆಲ್ ಬರೆದ ಭಾರತದ ಬಿರುಗೂದಲ ಹುಳುಗಳ ಗ್ರಂಥದಲ್ಲೂ ಈ ಹೆಸರಿದೆ. ಮುಂದೆ ಅನುಮಾನ ಹುಟ್ಟಿತು. ಕೆಲವು ತೀರಗಳಲ್ಲಿ ಪ್ರಾಯಕ್ಕೆ ಬಂದ ಹುಳುವಿನ ಕಣ್ಣು ಹಿಗ್ಗಿ, ಪಾದಗಳು ಅಗಲವಾಗಿ, ಅದು ಕಲ್ಲು ಬಿಟ್ಟು ಮೇಲಕ್ಕೆ ಈಜಿ ಬಂದು ಮೊಟ್ಟೆ ಚೆಲ್ಲಿ ಸಾಯುತ್ತದೆ. ಬೇರೆ ಕೆಲವೆಡೆ ಈ ರೂಪಾಂತರವೇ ಇಲ್ಲ. ಹೀಗಾಗಿ ಒಂದೇ ಹೆಸರಿನಡಿ ಹಲವು ಪ್ರಭೇದಗಳು ಅಡಗಿವೆಯೆಂದು ವಿಜ್ಞಾನಿಗಳು ಈಗ ತಿಳಿಯುತ್ತಾರೆ. ಆದ್ದರಿಂದ ನಮ್ಮ ತೀರದ ಹುಳುವಿಗೆ ಯುರೋಪಿನ ಹೆಸರನ್ನು ಕಣ್ಣುಮುಚ್ಚಿ ಅಂಟಿಸಲಾಗದು. ನಮ್ಮ ಮಕ್ಕಳಲ್ಲಿ ಯಾರಾದರೂ ಮುಂದೆ ಪ್ರಾಣಿಶಾಸ್ತ್ರ ಓದಿದರೆ ಇಲ್ಲಿ ಕೆಲಸ ಬೇಕಾದಷ್ಟಿದೆ.

ಪ್ರವಾಸಕ್ಕೆ ಹೋದಾಗ ಕಲ್ಲು ಮಗುಚಿ ನೋಡುವ ಆಸೆ ಸಹಜ. ಮಗುಚಿದ ಕಲ್ಲನ್ನು ಹಾಗೇ ಬಿಟ್ಟು ಬಂದರೆ ಮಾತ್ರ ಕಷ್ಟ. ತೇವವಿದ್ದರೆ ತಾನೆ ಈ ಹುಳು ಉಸಿರಾಡೀತು? ಬಿಸಿಲಿಗೆ ಮೈ ಒಣಗಿತೆಂದರೆ ಮುಗಿಯಿತು. ಕಲ್ಲಿನ ಮೇಲುಬದಿಯ ಪಾಚಿಯೂ ಅಡಿಗೆ ಸಿಕ್ಕಿ, ಬೆಳಕಿಲ್ಲದೆ ಸಾಯುತ್ತದೆ. ನೋಡಿ ಮೆಲ್ಲಗೆ ಮೊದಲಿನಂತೆಯೇ ಇಡಬೇಕು. ಕೈಯಲ್ಲಿ ಹಿಡಿಯುವುದು ಬೇಡ, ಕಚ್ಚೀತು. ಇದರ ಬಳಗದಲ್ಲೇ ತುರಿಕೆಸೊಪ್ಪಿನಂತೆ ಉರಿಸುವ ಕೂದಲಿನವೂ ಇವೆ.

ಹೊರಡುವ ವೇಳೆಯನ್ನು ಬಸ್ಸಿನ ಅನುಕೂಲಕ್ಕೆ ಗೊತ್ತುಮಾಡಿದರೆ ಅಲೆ ನೋಡಿ ಐಸ್‌ಕ್ರೀಂ ತಿಂದು ಬರುವುದೊಂದೇ ಉಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಊರಿನ ಮೀನುಗಾರರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ. ಕಾಲಿಗೆ ಗಟ್ಟಿ ಚಪ್ಪಲಿ, ಜೊತೆಗೆ ಹಿರಿಯರು ಇರಲಿ. ಮಳೆಗಾಲದಲ್ಲಂತೂ ಬಂಡೆಯ ಹತ್ತಿರ ಸುಳಿಯುವುದೇ ಬೇಡ.