ಕ್ರೇನ್ ಬರುವುದಕ್ಕೆ ಒಂದು ವರ್ಷ ಮೊದಲು

ಕೊಯಮತ್ತೂರಿನ ಅವಿನಾಶಿ ರಸ್ತೆ, ಮೇಟ್ಟುಪಾಳಯಂ ರಸ್ತೆ, ತಿರುಚ್ಚಿ ರಸ್ತೆಗಳು ಮತ್ತು 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ತಿರುಪ್ಪೂರಿನ ಹೆದ್ದಾರಿಗಳು ಅಗಲವಾದಂತೆಲ್ಲ, ಅವುಗಳ ಅಂಚಿನಲ್ಲಿ ತಲೆಮಾರುಗಳಿಗೆ ನೆರಳು ನೀಡಿದ ಹುಣಸೆ, ಬೇವು, ಆಲ, ಅರಳಿ, ಮಳೆಮರಗಳು ಜಾಗ ಕಳೆದುಕೊಳ್ಳುತ್ತ ಬಂದಿವೆ. ಕೆಲವನ್ನಾದರೂ ಉಳಿಸಿಕೊಳ್ಳಬೇಕೆಂದು ಕೊಯಮತ್ತೂರಿನ ‘ಓಸೈ’ಯಂತಹ ಪರಿಸರ ಸಂಘಟನೆಗಳು ಮರಗಳನ್ನು ಬೇರುಸಹಿತ ಎತ್ತಿ ಬೇರೆಡೆ ನೆಡುವ ಕೆಲಸಕ್ಕೆ ಮುಂದಾದವು, ಸಾರ್ವಜನಿಕ ಜಾಗದ ಮರ ಕಡಿಯುವ ಪ್ರಸ್ತಾವಗಳನ್ನು ಪರಿಶೀಲಿಸಲು ತಮಿಳುನಾಡು ಸರ್ಕಾರ 2021ರಲ್ಲಿ ಜಿಲ್ಲಾ ಮಟ್ಟದ ಹಸಿರು ಸಮಿತಿಗಳನ್ನೂ ರಚಿಸಿತು. ಮರವೊಂದು ಕ್ರೇನಿನಲ್ಲಿ ತೂಗುತ್ತ ಸಾಗುವ ಚಿತ್ರ ಪತ್ರಿಕೆಗಳಲ್ಲಿ ಬಂದಾಗ ನೋಡಿದವರಿಗೆ ಸಮಾಧಾನವಾಗುತ್ತದೆ. ಆದರೆ ಆ ಮರ ಉಳಿಯುತ್ತದೆಯೇ ಎಂಬುದು ಬಹುಮಟ್ಟಿಗೆ ಅದಕ್ಕೆ ಹಲವು ತಿಂಗಳು ಮೊದಲೇ, ಮಣ್ಣಿನೊಳಗೆ ತೀರ್ಮಾನವಾಗಿರುತ್ತದೆ.

ಬೇರುಗಳು ಕೊಂಬೆಗಳ ನೆರಳಿನಷ್ಟು ದೂರ ಮಾತ್ರ ಹರಡಿರುತ್ತವೆ ಎಂಬ ನಂಬಿಕೆ ಸಾಮಾನ್ಯವಾಗಿದ್ದರೂ, ಬೆಳೆದ ಮರದ ಬೇರುಗಳು ಅದರ ಎರಡು ಮೂರು ಪಟ್ಟು ದೂರಕ್ಕೆ ಹೋಗಿರುವುದುಂಟು, ಮತ್ತು ಅವುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಇರುತ್ತವೆ. ಬುಡದ ಬಳಿ ಕಾಣುವ ತೊಡೆಗಾತ್ರದ ಬೇರುಗಳು ಮರವನ್ನು ನಿಲ್ಲಿಸುತ್ತವೆ, ನೀರನ್ನು ಸಾಗಿಸುತ್ತವೆ. ನೀರನ್ನು ಹೀರುವುದು ಮುಖ್ಯವಾಗಿ ದೂರದ ತುದಿಗಳಲ್ಲಿರುವ ನೂಲಿನಂಥ ಹೀರುಬೇರುಗಳ ಕೆಲಸ. ಕ್ರೇನ್ ಎತ್ತಬಲ್ಲಷ್ಟು ಮಣ್ಣನ್ನು ಉಳಿಸಿಕೊಂಡು ಸುತ್ತ ಕಡಿದಾಗ ಇಂತಹ ಬೇರುಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹಳೆಯ ಜಾಗದಲ್ಲೇ ಉಳಿದುಬಿಡಬಹುದು. ಸಸಿಮಡಿಯಿಂದ ಕಿತ್ತ ಭತ್ತದ ಪೈರು ತನ್ನ ಬೇರುಗಳನ್ನು ಬಹುಪಾಲು ಜೊತೆಗೇ ತರುವುದರಿಂದ ಕೆಲವೇ ದಿನ ಬಾಡಿ ಚೇತರಿಸಿಕೊಳ್ಳುತ್ತದೆ. ಮರಕ್ಕೆ ಆ ಅನುಕೂಲವಿಲ್ಲ. ಆದ್ದರಿಂದ ದೂರದ ಬೇರುಗಳ ಕೆಲಸವನ್ನು ವಹಿಸಿಕೊಳ್ಳಬಲ್ಲ ಹೊಸ ಹೀರುಬೇರುಗಳನ್ನು, ಮರ ಇನ್ನೂ ತನ್ನ ಜಾಗದಲ್ಲಿ ನಿಂತಿರುವಾಗಲೇ, ಬುಡದ ಹತ್ತಿರ ಬೆಳೆಸಿಕೊಳ್ಳಬೇಕು. ಬೇರುಗಳನ್ನು ಸಿದ್ಧಪಡಿಸುವುದೆಂದರೆ ಇದೇ.

ಮರದೊಂದಿಗೆ ಎತ್ತಬೇಕಾದ, ಬೇರು ತುಂಬಿದ ಮಣ್ಣಿನ ಗಡ್ಡೆಯನ್ನು ಬೇರುಮುದ್ದೆ ಎನ್ನಬಹುದು. ಅದರ ಅಗಲ ಕಾಂಡದ ಅಡ್ಡಳತೆಯ ಸುಮಾರು ಹತ್ತು ಪಟ್ಟು ಇರಬೇಕೆಂಬುದು ವೃಕ್ಷತಜ್ಞರ ರೂಢಿಯ ಲೆಕ್ಕ. ಕಾಂಡ 30 ಸೆಂಟಿಮೀಟರ್ ದಪ್ಪವಿದ್ದರೆ ಬೇರುಮುದ್ದೆ 3 ಮೀಟರ್ ಅಗಲವಾಗುತ್ತದೆ, ಅದರ ಆಳವನ್ನು ಒಂದು ಮೀಟರಿಗೆ ತುಸು ಕಡಿಮೆ ಇಟ್ಟುಕೊಂಡರೂ ಹಸಿ ಮಣ್ಣಿನ ತೂಕವೇ ಹತ್ತು ಟನ್ನಿಗೆ ಸಮೀಪಿಸುತ್ತದೆ. ಸಿದ್ಧತೆಯ ಕಂದಕವನ್ನು ಈ ಅಂಚಿಗಿಂತ ಒಂದು ಗೇಣು ಒಳಗೆ ತೋಡುವುದು ಜಾಣತನ, ಏಕೆಂದರೆ ಕಡಿದ ತುದಿಯಿಂದ ಹೊರಕ್ಕೆ ಚಿಗುರುವ ಹೊಸ ಬೇರುಗಳೂ ಆಗ ಮುದ್ದೆಯೊಳಗೇ ಸೇರುತ್ತವೆ.

ಕಂದಕವನ್ನು ಒಮ್ಮೆಗೇ ಪೂರ್ತಿ ಸುತ್ತಿ ತೋಡುವಂತಿಲ್ಲ. ವೃತ್ತವನ್ನು ಆರು ಭಾಗ ಮಾಡಿ, ಒಂದು ಬಿಟ್ಟು ಒಂದರಂತೆ ಮೂರನ್ನು ಮೊದಲು, ಉಳಿದ ಮೂರನ್ನು ಕೆಲವು ತಿಂಗಳ ನಂತರ ಕಡಿದರೆ ಮರಕ್ಕೆ ನೀರೂ ತಪ್ಪುವುದಿಲ್ಲ, ಆಸರೆಯೂ ತಪ್ಪುವುದಿಲ್ಲ. ಪಾಲಕ್ಕಾಡು ಕಣಿವೆಯ ಬಾಯಿಗೆ ಎದುರಾಗಿರುವ ಈ ಎರಡು ಜಿಲ್ಲೆಗಳಲ್ಲಿ ಇದು ವಿಶೇಷವಾಗಿ ಮುಖ್ಯ. ಜೂನ್‌ನಿಂದ ಆಗಸ್ಟ್‌ವರೆಗೆ ಕಣಿವೆಯಿಂದ ನುಗ್ಗುವ ಪಶ್ಚಿಮದ ಗಾಳಿ ಗಾಳಿಯಂತ್ರಗಳನ್ನು ತಿರುಗಿಸುವಷ್ಟು ಬಲವಾಗಿರುವಾಗ, ಗಾಳಿಗೆ ಎದುರಾದ ಬದಿಯ ಬೇರುಗಳನ್ನೆಲ್ಲ ಒಟ್ಟಿಗೇ ಕಳೆದುಕೊಂಡ ಮರ ಉರುಳಬಹುದು. ಉರುಳದಿದ್ದರೂ ಎಲೆಗಳಿಂದ ನೀರು ಬೇಗ ಆರಿಹೋಗುತ್ತದೆ.

ಕಡಿಯುವ ಬಗೆಯೂ ಅಷ್ಟೇ ಮುಖ್ಯ. ಜೆಸಿಬಿಯ ಹಲ್ಲು ಬೇರನ್ನು ಕತ್ತರಿಸುವುದಿಲ್ಲ, ಎಳೆದು ಸೀಳುತ್ತದೆ; ಸೀಳು ಕಾಂಡದ ಕಡೆಗೆ ಮೊಳದುದ್ದ ಹೋಗಿ ಕೊಳೆಗೆ ದಾರಿಯಾಗುತ್ತದೆ. ಗುದ್ದಲಿಯಿಂದ ಮಣ್ಣು ಬಿಡಿಸಿ, ಬೆರಳು ಗಾತ್ರದ ಬೇರನ್ನು ಕತ್ತರಿಯಿಂದ, ದಪ್ಪ ಬೇರನ್ನು ಕೈಗರಗಸದಿಂದ ನುಣುಪಾಗಿ ಕೊಯ್ದರೆ, ಕೊಯ್ದ ಮುಖದ ಹಿಂದೆಯೇ ಗಾಯ ಮಾಗಿಸುವ ಅಂಗಾಂಶ ಉಬ್ಬಿ, ಅಲ್ಲಿಂದ ಹೊಸ ಬೇರುಗಳು ಗೊಂಚಲಾಗಿ ಹೊರಡುತ್ತವೆ. ಆಸರೆಗೆಂದು ಬಿಟ್ಟ ದಪ್ಪ ಬೇರುಗಳಿಗೆ ಇನ್ನೊಂದು ಉಪಾಯವಿದೆ. ದಾಳಿಂಬೆಗೆ ಗೂಟಿ ಕಟ್ಟುವವರು ರೆಂಬೆಯ ಸುತ್ತ ತೊಗಟೆಯನ್ನು ಉಂಗುರದಂತೆ ತೆಗೆದು ಬೇರು ಬರಿಸುವ ಹಾಗೆಯೇ, ಬೇರಿನ ಮೇಲಿನ ತೊಗಟೆಯನ್ನೂ ಒಂದು ಗೇಣಿನಷ್ಟು ಸುಲಿದರೆ, ಎಲೆಗಳಿಂದ ಇಳಿದು ಬರುವ ಸಕ್ಕರೆ ಆ ಅಂಚಿನಲ್ಲಿ ತಡೆದು ನಿಂತು ಅಲ್ಲಿಯೇ ಬೇರೊಡೆಯುತ್ತದೆ. ಒಳಗಿನ ಕಟ್ಟಿಗೆ ಮಾತ್ರ ಮೊದಲಿನಂತೆ ಮರವನ್ನು ಹಿಡಿದು ನಿಲ್ಲಿಸಿರುತ್ತದೆ. ಜಪಾನಿನ ತೋಟಗಾರರು ಈ ಇಡೀ ಕ್ರಮವನ್ನು ‘ನೆಮವಾಶಿ’, ಅಂದರೆ ಬೇರಿನ ಸುತ್ತ ಹೋಗುವುದು, ಎನ್ನುತ್ತಾರೆ. ದೊಡ್ಡ ನಿರ್ಧಾರಕ್ಕೆ ಮೊದಲು ಒಬ್ಬೊಬ್ಬರನ್ನೇ ಕಂಡು ಒಪ್ಪಿಸುವುದಕ್ಕೂ ಆ ಭಾಷೆಯಲ್ಲಿ ಇದೇ ಮಾತು ಬಳಕೆಯಾಗುತ್ತದೆ.

ಕಂದಕಕ್ಕೆ ಮತ್ತೆ ಏನನ್ನು ತುಂಬಬೇಕೆಂಬುದನ್ನು ನೆಲವೇ ಹೇಳುತ್ತದೆ. ಈ ಜಿಲ್ಲೆಗಳ ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಯಲ್ಲಿ ಬಿರುಕು ಬಿಡುವಾಗ ಎಳೆಯ ಬೇರುಗಳು ಹರಿದುಹೋಗುತ್ತವೆ. ಆದ್ದರಿಂದ ಮರಳು, ಚೆನ್ನಾಗಿ ಕಳಿತ ಗೊಬ್ಬರ ಮತ್ತು ಪೊಳ್ಳಾಚಿಯ ನಾರಿನ ಕಾರ್ಖಾನೆಗಳ ಕಡೆ ಹೇರಳವಾಗಿ ಸಿಗುವ ತೆಂಗಿನ ನಾರಿನ ಪುಡಿಯನ್ನು ಬೆರೆಸಿ ತುಂಬುವುದು ಒಳ್ಳೆಯದು. ಆ ಪುಡಿಯನ್ನು ಕಳಿಯಲು ಬಿಡದೆ ಹಾಕಬಾರದು, ಹಸಿ ಪುಡಿ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಸೆಳೆದುಕೊಳ್ಳುತ್ತದೆ.

ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಕೊಯಮತ್ತೂರಿಗೆ ಅಕ್ಟೋಬರ್, ನವೆಂಬರಿನ ಹಿಂಗಾರು ಮಳೆಯೇ ದೊಡ್ಡ ಆಸರೆ. ಮೊದಲ ಮೂರು ಭಾಗಗಳನ್ನು ಒಂದು ಹಿಂಗಾರಿನಲ್ಲಿ ಕಡಿದು, ಉಳಿದವನ್ನು ಏಪ್ರಿಲ್, ಮೇ ತಿಂಗಳ ಬೇಸಗೆ ಮಳೆಯ ಸಮಯಕ್ಕೆ ಮುಗಿಸಿ, ಕಂಬಿ ಹಗ್ಗಗಳ ಆಸರೆಯಲ್ಲಿ ಗಾಳಿಗಾಲವನ್ನು ದಾಟಿಸಿ, ಮುಂದಿನ ಹಿಂಗಾರಿನಲ್ಲಿ ಎತ್ತುವುದು ಇಲ್ಲಿನ ಹವೆಗೆ ಹೊಂದುವ ಲೆಕ್ಕ. ಉದ್ದಕ್ಕೂ ನೀರು ತಪ್ಪಬಾರದು.

ಎಲ್ಲ ಮರಗಳಿಗೂ ಈ ನಿಯಮ ಒಂದೇ ಆಗಿ ಅನ್ವಯಿಸುವುದಿಲ್ಲ. ಪೊಳ್ಳಾಚಿ, ಉಡುಮಲೈಪೇಟೆಗಳ ತೆಂಗಿಗೆ ತಾಯಿಬೇರಿಲ್ಲ, ಬುಡದಿಂದಲೇ ಹೊಸ ಬೇರುಗಳು ಹೊರಡುತ್ತಲೇ ಇರುವುದರಿಂದ ಅದಕ್ಕೆ ಇಷ್ಟು ದೀರ್ಘ ಸಿದ್ಧತೆ ಬೇಕಾಗುವುದಿಲ್ಲ. ಆಲ, ಅರಳಿಗಳು ಕೊಂಬೆಗಳನ್ನೆಲ್ಲ ಕಳೆದುಕೊಂಡರೂ ಚಿಗುರಬಲ್ಲವು. ಈ ಎರಡರ ಗಟ್ಟಿತನ ಕಂಡು ಹುಣಸೆ, ಬೇವುಗಳನ್ನೂ ಬೋಳುಕಂಬಗಳಾಗಿ ಕಡಿದು ಸಾಗಿಸುವುದು ದೊಡ್ಡ ತಪ್ಪು. ಹೊಸ ಬೇರಿಗೆ ಬೇಕಾದ ಸಕ್ಕರೆಯನ್ನೂ ಬೇರನ್ನು ಪ್ರಚೋದಿಸುವ ಆಕ್ಸಿನ್ ಎಂಬ ಹಾರ್ಮೋನನ್ನೂ ಒದಗಿಸುವುದು ಎಲೆ ಚಿಗುರುಗಳೇ. ಅವಿಲ್ಲದ ಮರ ಕಾಂಡದಲ್ಲಿ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡಿ ಒಮ್ಮೆ ಚಿಗುರಿ, ಅದು ತೀರಿದ ಮೇಲೆ ಒಣಗುವುದುಂಟು. ಸ್ಥಳಾಂತರಿಸಿದ ಮರಗಳಲ್ಲಿ ಶೇಕಡ 80 ಒಂದು ವರ್ಷದ ನಂತರ ಬದುಕಿರಬೇಕೆಂದು 2020ರ ದೆಹಲಿಯ ನೀತಿ ವಿಧಿಸಿದ್ದು ಮೆಚ್ಚಬೇಕಾದ ಹೆಜ್ಜೆ. ಆದರೆ ಕೂಡಿಟ್ಟ ಪಿಷ್ಟದ ಮೇಲೆ ನಿಂತ ಮರವೂ ಆ ಒಂದು ವರ್ಷವನ್ನು ದಾಟಬಲ್ಲದು. ಎರಡು ಮೂರು ವರ್ಷ ಕಾದು ಎಣಿಸಿದರೆ ಮಾತ್ರ ನಿಜಸ್ಥಿತಿ ತಿಳಿಯುತ್ತದೆ.

ರಸ್ತೆಯ ಅಳತೆ ಮುಗಿದು ಟೆಂಡರ್ ಕರೆದು ಕೆಲಸ ಆರಂಭವಾಗುವುದಕ್ಕೆ ಹಲವು ಬಾರಿ ಒಂದು ವರ್ಷಕ್ಕೂ ಹೆಚ್ಚು ಸಮಯ ಹಿಡಿಯುತ್ತದೆ, ಮತ್ತು ಸಾಲುಮರಗಳ ಕಾಂಡದ ಮೇಲೆ ಬಣ್ಣದಲ್ಲಿ ಸಂಖ್ಯೆ ಬರೆಯುವ ಕೆಲಸ ಆ ಅವಧಿಯ ಮೊದಲಲ್ಲೇ ನಡೆಯಬಹುದು. ಸಂಖ್ಯೆ ಬರೆದ ಬಳಿಕದ ಮೊದಲ ಹಿಂಗಾರಿನಲ್ಲೇ ಕಂದಕದ ಮೊದಲ ಮೂರು ಭಾಗಗಳನ್ನೂ ತೋಡಿಸಿದರೆ, ಕ್ರೇನ್ ಬರುವ ಮುನ್ನ ಅಂಚಿನ ಮಣ್ಣನ್ನು ಕೈಯಿಂದ ಸ್ವಲ್ಪ ಕೆದಕಿ ನೋಡಿದವರಿಗೆ, ಗರಗಸದಿಂದ ಕೊಯ್ದ ಕಂದು ಮುಖದ ಸುತ್ತ, ಉಗುರು ತಾಗಿದರೆ ಮುರಿಯುವಷ್ಟು ಎಳೆಯ ಬಿಳಿ ಬೇರುತುದಿಗಳು ಕಾಣುತ್ತವೆ.